ಎರಿ ಹೊಲದ ನೀರಿನ ಲೆಕ್ಕ

ಧಾರವಾಡ ಜಿಲ್ಲೆ ನವಲಗುಂದ ತಾಲೂಕಿನ ತಿರ್ಲಾಪುರದ ಕಡೆಗೆ ಹೋದರೆ ಎತ್ತ ನೋಡಿದರೂ ಎರಿ ಭೂಮಿ. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ಮಣ್ಣು ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಒಮ್ಮೆ ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ, ಕಡಲಿ, ಕುಸುಬಿ ಮುಂದೆ ಮಳೆ ಕಾಣದಿದ್ದರೂ ನೆಲದ ಹಸಿಯಲ್ಲೇ ಬೆಳೆದು ಕೈಗೆ ಬರುವುದು ಈ ಗುಣದಿಂದ. ಆಳದ ನೀರು ಮಾತ್ರ ಸವಳು. ಹಾಗಾಗಿ ಈ ಭಾಗದ ಹಳ್ಳಿಗಳು ಬಾವಿಯನ್ನು ನೆಚ್ಚದೆ ಕೆರೆಯ ನೀರು ಕುಡಿದು ಬದುಕಿದವು.

ಪರದೇಶದಲ್ಲಿರುವ ನಮ್ಮ ಕನ್ನಡ ಸಂಘದಲ್ಲಿ ‘ಸಿಸ್ಟಮ್’ ಎಂಬ ಮಾತಿನ ಮೇಲೆಯೇ ಸಂಬಳ ಎಣಿಸುವವರು ಬಹಳ ಮಂದಿ ಇದ್ದಾರೆ. ಸಿಸ್ಟಮ್‌ಗಳ ಚಿಂತಕಿ ಡೊನೆಲ್ಲಾ ಮೆಡೋಸ್ ಮತ್ತು ಗೆಳೆಯರು ‘ಲಿಮಿಟ್ಸ್ ಟು ಗ್ರೋತ್’ ಪುಸ್ತಕ ಬರೆದ 1972ರ ಆಸುಪಾಸಿನಲ್ಲಿಯೇ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು ನಿಂತಿತು. ಒಂದು ಕಡೆ ಕೈಯಿಟ್ಟರೆ ಫಲ ಇನ್ನೆಲ್ಲೋ, ಎಷ್ಟೋ ಕಾಲದ ಮೇಲೆ ಕಾಣಿಸುತ್ತದೆ ಎಂಬುದು ಮೆಡೋಸ್ ಜೀವನವಿಡೀ ಹೇಳಿದ ಮಾತು. ಅದನ್ನು ಪುಸ್ತಕವಿಲ್ಲದೆ ಕಲಿಯಬೇಕೆಂದರೆ ಮಲಪ್ರಭೆಯ ಬಲದಂಡೆ ಕಾಲುವೆಯ ಗುಂಟ ನಡೆದರೆ ಸಾಕು.

ನೀರು ಬಂತು. ಅದೇ ವೇಳೆಗೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ಕಂಡುಹಿಡಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಜೋಳದ ಹೊಲದಲ್ಲಿ ರೊಕ್ಕ ಬೆಳೆಯುವುದಾದರೆ ಯಾವ ರೈತ ಬೇಡವೆಂದಾನು? ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಶಾಣ್ಯಾತನದ ಕೆಲಸವನ್ನೇ ಮಾಡಿದ. ಎಲ್ಲರೂ ಅದನ್ನೇ ಮಾಡಿದ್ದರಿಂದ ಪೇಟೆಗೆ ಹತ್ತಿ ಸುರಿಯಿತು. ಬೀಜ, ಗೊಬ್ಬರ, ಹುಳದ ಎಣ್ಣಿಯ ಸಾಲ ಹೆಗಲ ಮೇಲಿರುವಾಗ, ಆ ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿಯಿತು. ನೀರು ಮುಟ್ಟದ ಹೊಲಕ್ಕೂ ನೀರಿನ ಕರ, ಅದರ ಮೇಲೆ ನೀರಾವರಿಯಿಂದ ಹೊಲದ ಬೆಲೆ ಏರಿತೆಂದು ಹಾಕುವ ಬೆಟರ್‌ಮೆಂಟ್ ಲೆವಿ. ಇದನ್ನು ವಿರೋಧಿಸಿ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡರಲ್ಲೂ ಗೋಲಿಬಾರ್ ನಡೆಯಿತು. ರೈತರಾದ ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ವರ್ಷವೇ. ಜುಲೈ 21 ಇಂದಿಗೂ ಈ ಭಾಗದಲ್ಲಿ ರೈತ ಹುತಾತ್ಮ ದಿನ.

ಹತ್ತಿಯ ಪಾಠಕ್ಕೆ ಏಳೆಂಟು ವರ್ಷ ಸಾಕಾಯಿತು. ಮಣ್ಣಿನ ಪಾಠ ಇನ್ನೂ ನಿಧಾನದ್ದು. ನೀರು ಹಿಡಿದಿಡುವ ನೆಲಕ್ಕೆ ಮೇಲಿಂದ ಮೇಲೆ ನೀರು ಹಾಯಿಸಿ, ಬಸಿದು ಹೋಗಲು ದಾರಿ ಮಾಡದಿದ್ದರೆ ಒಳಗಿನ ಉಪ್ಪು ಮೇಲಕ್ಕೇರುತ್ತದೆ. ಕಾಲುವೆಯ ತಲೆಯಲ್ಲಿದ್ದವರು ಹೆಚ್ಚು ನೀರು ಕುಡಿಯುವ ಬೆಳೆಗೆ ಇಳಿದರು. ಅಲ್ಲಿ ಹೊಲ ಜವಳಾಗಿ ಸವಳಾಯಿತು, ಕೊನೆಯಂಚಿನಲ್ಲಿ ಕಾಲುವೆ ಒಣಗಿತು. ಒಂದೇ ಕಾಲುವೆಯ ಎರಡು ತುದಿಗಳಲ್ಲಿ ಎರಡು ಬಗೆಯ ಬಡತನ.

ಇದನ್ನು ಮೊದಲು ಕಂಡವರು ಕಚೇರಿಯಲ್ಲಿ ಇರಲಿಲ್ಲ. ಹೊಲದ ತಗ್ಗಿನಲ್ಲಿ ಬೆಳ್ಳಗೆ ಉಪ್ಪು ಒಡೆದದ್ದು ಕಳೆ ತೆಗೆಯುವ ಹೆಣ್ಣುಮಗಳಿಗೆ ಗೊತ್ತಿತ್ತು. ನೀರು ಎಲ್ಲಿಗೆ ನಿಂತಿತೆಂಬುದು ಕೊನೆಯಂಚಿನವನಿಗೆ ಗೊತ್ತಿತ್ತು. ಹಳ್ಳದ ದಾರಿ ಎಲ್ಲಿ ಕಟ್ಟಿತೆಂಬುದು ಕುರಿ ಕಾಯುವವನಿಗೆ ಗೊತ್ತಿತ್ತು. ಇವರ ತಿಳಿವು ಒಂದು ಕಡೆ ಕೂಡಲು ಜಾಗವೇ ಇರಲಿಲ್ಲ, ಕೂಡಿದರೂ ಅದಕ್ಕೆ ಕಾಲುವೆಯ ಗೇಟು ತಿರುಗಿಸುವ ಅಧಿಕಾರವಿರಲಿಲ್ಲ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಮತ್ತು ಸಂಗಡಿಗರು ನೇಪಾಳದ ಕಾಲುವೆಗಳಲ್ಲಿ ಒಂದು ವಿಚಿತ್ರ ಕಂಡರು. ರೈತರೇ ಕಲ್ಲು-ಮಣ್ಣಿನಿಂದ ಕಟ್ಟಿದ ಕಾಲುವೆಗಳು, ಸರ್ಕಾರ ಸಿಮೆಂಟಿನಲ್ಲಿ ಕಟ್ಟಿದವುಗಳಿಗಿಂತ ಎಷ್ಟೋ ಕಡೆ ಕೊನೆಯ ಹೊಲಕ್ಕೆ ಚೆನ್ನಾಗಿ ನೀರು ಮುಟ್ಟಿಸುತ್ತಿದ್ದವು. ಮಣ್ಣಿನ ಒಡ್ಡು ಪ್ರತಿವರ್ಷ ಕೊಚ್ಚಿಹೋಗುತ್ತದೆ, ಕಟ್ಟಲು ಎಲ್ಲರ ಮೈಬೆವರು ಬೇಕು, ಆದ್ದರಿಂದ ತಲೆಯವನು ಬಾಲದವನನ್ನು ಕಡೆಗಣಿಸುವಂತಿಲ್ಲ. ಸಿಮೆಂಟು ಬಂದ ಮೇಲೆ ಆ ಹಂಗು ತಪ್ಪುತ್ತದೆ. ನಮ್ಮ ಊರುಗಳ ಕೆರೆಯೂ ಹಾಗೆಯೇ. ಹೂಳು ತೆಗೆಯುವುದು, ದನ ಇಳಿಯದಂತೆ ಕಾಯುವುದು ಊರಿಗೆ ಊರೇ ಸೇರದೆ ಆಗದ ಕೆಲಸ. ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಕೆರೆಯ ದಂಡೆಗೆ ಯಾರು ಇಳಿಯಬೇಕು, ಯಾರು ದೂರ ನಿಂತು ನೀರು ಹಾಕಿಸಿಕೊಳ್ಳಬೇಕು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಊರಿನ ಒಂದು ಭಾಗವನ್ನು ಹೊರಗಿಟ್ಟು ಊರೊಟ್ಟಿನ ವಿವೇಕದ ಮಾತಾಡುವುದು ಸುಳ್ಳಾಡಿದಂತೆ.

ಬೆಣ್ಣಿಹಳ್ಳದ ಕತೆಯೂ ಇದೇ ಜಾಡಿನದು. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದ ಹಾದು ಮಲಪ್ರಭೆ ಸೇರುವ ಈ ಹಳ್ಳ ವರ್ಷದ ಹೆಚ್ಚು ದಿನ ಬತ್ತಿರುತ್ತದೆ, ಜೋರು ಮಳೆಗೆ ಒಂದೇ ರಾತ್ರಿಯಲ್ಲಿ ಹೊಲಗಳನ್ನು ನುಂಗುತ್ತದೆ. ಜಾಲಿಕಂಟಿ, ಹೂಳು, ಒತ್ತುವರಿ ಸೇರಿ ಅದರ ಮೈ ಕಿರಿದಾಗಿದೆ. ತಮ್ಮ ಊರ ಮುಂದೆ ಹಳ್ಳ ಅಗಲ ಮಾಡಿಸಿ ಒಡ್ಡು ಕಟ್ಟಿಸಿ ಎಂದು ಪ್ರತಿ ಊರೂ ಕೇಳುತ್ತದೆ. ಮೇಲೊಂದು ಊರು ನೀರನ್ನು ಬೇಗ ಸಾಗಹಾಕಿದರೆ ಕೆಳಗಿನ ಊರಿಗೆ ಅದು ಇನ್ನೂ ರಭಸದಿಂದ ಬರುತ್ತದೆ. ಹಳ್ಳಕ್ಕೆ ಇಡಿಯಾದ ಒಂದು ಯೋಜನೆ ಬೇಕು. ಮೇಲಿನ ಹೊಲಗಳಲ್ಲಿ ಬದು, ಕೃಷಿ ಹೊಂಡಗಳು ಹೆಚ್ಚಿದಷ್ಟೂ ಕೆಳಗೆ ಪ್ರವಾಹದ ಸೊಕ್ಕು ಸ್ವಲ್ಪವಾದರೂ ಇಳಿಯುತ್ತದೆ, ಮುಂಗಾರಿನ ನೀರು ಹಿಂಗಾರಿಗೆ ಒದಗುತ್ತದೆ. ಇಡೀ ಮಾತಿನಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಈ ಹೊಂಡಗಳೇ.

ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ರೈತರ ಬೇಡಿಕೆ ನ್ಯಾಯದ್ದು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9. ನವಿಲುತೀರ್ಥ ಜಲಾಶಯದಲ್ಲಿ ಹಿಡಿಯುವುದು 37.73. ಮಹದಾಯಿಯ ನೀರು ಬರಲೇಬೇಕು. ಬಂದ ಮೇಲೆ ಅದು ಹಳೆಯ ಕಾಲುವೆಯಲ್ಲಿ, ಹಳೆಯ ಹಂಚಿಕೆಯಲ್ಲಿಯೇ ಹರಿದರೆ ಕೊನೆಯಂಚಿನವನ ಪಾಲಿಗೆ ಏನೂ ಬದಲಾಗದು. ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದ ಮೇಲೆ ಇವೆ. ಅವಕ್ಕೆ ಗೇಟಿನ ಕೀಲಿಯೂ ಲೆಕ್ಕದ ವಹಿಯೂ ಸಿಗಬೇಕು.

ಪರದೇಶದಲ್ಲಿರುವ ನಾವು ಊರಿಗೆ ಏನಾದರೂ ಮಾಡಬೇಕೆಂದಾಗ ಸುಲಭಕ್ಕೆ ಹೊಳೆಯುವುದು ಹೆಸರು ಕೆತ್ತಿಸಬಹುದಾದ ಕಟ್ಟಡ, ಇಲ್ಲವೇ ನೀರು ಶುದ್ಧ ಮಾಡುವ ಯಂತ್ರ. ಯಂತ್ರ ಕೆಟ್ಟ ದಿನ ಅದನ್ನು ನೋಡಿಕೊಳ್ಳುವವರು ಯಾರೆಂದು ನಾವು ಕೇಳುವುದಿಲ್ಲ. ಈ ಸಂಚಿಕೆ ಓದುತ್ತಿರುವ ನಿಮ್ಮಲ್ಲಿ ಒಂದು ವಿನಂತಿ. ರಜೆಗೆ ಹೋದಾಗ ಊರಿನ ಗ್ರಾಮಸಭೆಯಲ್ಲಿ ಕೂತುಬನ್ನಿ. ಕೊನೆಯಂಚಿನ ರೈತನೂ, ಕೊಡ ಹೊರುವ ಹೆಣ್ಣುಮಗಳೂ ಅಲ್ಲಿ ಮಾತಾಡುವವರೆಗೆ ಚೆಕ್ಕು ಬರೆಯಬೇಡಿ. ಅವರು ಕೆರೆಯ ಹೂಳು ತೆಗೆಸಿ ಎಂದರೆ ಹೂಳೆತ್ತುವುದಕ್ಕೇ ಕೊಡಿ.