ಮನೆಗೆಲಸ ಯಾರದು?

ಸಂಜೆ ಏಳರ ಬಳಿಕ ಮಣ್ಣಗುಡ್ಡದ ಒಳರಸ್ತೆಗಳಲ್ಲಿ ನಡೆದು ಹೋದರೆ ಹಲವು ಮನೆಗಳಿಂದ ಒಂದೇ ಬಗೆಯ ಸದ್ದು ಕೇಳಿಸುತ್ತದೆ. ಟಿ.ವಿ.ಯ ಗದ್ದಲದ ನಡುವೆ ತಾಯಿಯ ಗದರಿಕೆ, ಮಗುವಿನ ಅಳು, ಮತ್ತೆ ಮಗ್ಗಿಯ ರಾಗ. ಮನೆಯ ಮಾತು ಕೊಂಕಣಿಯಾಗಿರಬಹುದು, ತುಳುವಾಗಿರಬಹುದು, ಬ್ಯಾರಿಯಾಗಿರಬಹುದು. ಕೇಳುವ ಪ್ರಶ್ನೆ ಮಾತ್ರ ಒಂದೇ: 'ಹೋಂವರ್ಕ್ ಮುಗಿಯಿತಾ?'

ಕೆಲವು ದಿನಗಳ ಹಿಂದೆ ನೆರೆಮನೆಯ ತಾಯಿಯೊಬ್ಬರು ಎರಡನೇ ತರಗತಿಯ ಮಗಳ ಡೈರಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲುಗಳಿದ್ದವು. 'ಇದರಲ್ಲಿ ಎಂತ ಮಾಡ್ಲಿಕ್ಕೆ ಹೇಳಿದ್ದಾರೆ ಅಂತ ಒಮ್ಮೆ ನೋಡ್ತೀರಾ?' ಎಂದು ಕೇಳಿದರು. ಅವರು ಕನ್ನಡ ಮಾಧ್ಯಮದಲ್ಲಿ ಏಳನೆಯವರೆಗೆ ಓದಿದವರು. ಮದುವೆಗೆ ಮುಂಚೆ ತವರಿನಲ್ಲಿ ಬೀಡಿ ಕಟ್ಟಿ ಮನೆ ಖರ್ಚಿಗೆ ನೆರವಾದವರು. ನಾವು ಓದಿ ಹೇಳುತ್ತಿದ್ದಾಗ ಮಗು ಸಹಜವಾಗಿ, 'ಉಮ್ಮನಿಗೆ ಏನೂ ಗೊತ್ತಿಲ್ಲ' ಎಂದಿತು. ತಾಯಿ ನಕ್ಕು ತಲೆ ತಗ್ಗಿಸಿದರು. ಅವರು ಹೋದ ಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ಆ ದಿನ ಮಗು ಕಲಿತ ಪಾಠ ಯಾವುದು? ಡೈರಿಯಲ್ಲಿದ್ದ ನಾಲ್ಕು ಸಾಲೋ, ತಾಯಿ ದಡ್ಡಿ ಎಂಬ ತೀರ್ಮಾನವೋ?

ಹೋಂವರ್ಕನ್ನು ಕನ್ನಡದಲ್ಲಿ 'ಮನೆಗೆಲಸ' ಎನ್ನುವುದುಂಟು. ಮನೆಗೆಲಸವೆಂದರೆ ನಮ್ಮಲ್ಲಿ ಗುಡಿಸುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು. ಅದೆಲ್ಲ ಹೆಂಗಸರ ಪಾಲು ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಈಗ ಮಗುವಿನ ಮನೆಗೆಲಸವೂ ಸದ್ದಿಲ್ಲದೆ ಅದೇ ಪಟ್ಟಿಗೆ ಸೇರಿಕೊಂಡಿದೆ. ಶಾಲೆ ಅದನ್ನು ಕೊಡುವುದು ಮಗುವಿಗೆ, ಮಾಡಬೇಕಾದವಳು ತಾಯಿ. ತಂದೆ ರಾತ್ರಿ ಅಂಗಡಿ ಮುಚ್ಚಿ ಬಂದು ಅಥವಾ ಗಲ್ಫಿನಿಂದ ಫೋನ್ ಮಾಡಿ ವಿಚಾರಿಸುವುದು ಅಂಕವನ್ನು ಮಾತ್ರ.

ನಮ್ಮ ನಗರದ ಒಂದು ವಾರ್ಡಿನಲ್ಲಿಯೇ ಎಷ್ಟು ಬಗೆಯ ಮನೆಗಳಿವೆ ನೋಡಿ. ಫ್ಲ್ಯಾಟಿನ ಮಗುವಿಗೆ ಓದಿದ ತಂದೆತಾಯಿ, ಪ್ರತ್ಯೇಕ ಮೇಜು, ಸಾಲದ್ದಕ್ಕೆ ಟ್ಯೂಶನ್. ಬಾಡಿಗೆಯ ಒಂದು ಕೋಣೆಯ ಮನೆಯಲ್ಲಿ ಅಡುಗೆ, ಮಲಗುವುದು, ಬರೆಯುವುದು ಎಲ್ಲವೂ ಒಂದೇ ನೆಲದ ಮೇಲೆ. ಇನ್ನು ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನಗರದ ಸರಕಾರಿ ಶಾಲೆಗಳಲ್ಲಿದ್ದಾರೆ. ಅವರ ತಂದೆತಾಯಿ ಇಬ್ಬರೂ ದಣಿದು ಬರುವಾಗ ಕತ್ತಲಾಗಿರುತ್ತದೆ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ದೊಡ್ಡ ಮಗುವಿನ ಹೊಣೆ. ಈ ಮೂವರಿಗೂ ಒಂದೇ ಹೋಂವರ್ಕ್ ಕೊಟ್ಟು ಮರುದಿನ ಒಂದೇ ಕೆಂಪು ಪೆನ್ನಿನಿಂದ ತಿದ್ದಿದರೆ ಅದು ಸಮಾನತೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಆ ಅಂಕ ಸಲ್ಲುವುದು ಮನೆಗೆ. ತರಗತಿಯೊಳಗೆ ಎಲ್ಲರಿಗೂ ಒಬ್ಬರೇ ಟೀಚರ್, ಒಂದೇ ಕರಿಹಲಗೆ. ಗೇಟು ದಾಟಿದ ಕೂಡಲೇ ಆ ಸಮಾನತೆ ಮುಗಿಯುತ್ತದೆ. ಬಡತನವನ್ನು ಮಗುವಿನ ಸೋಮಾರಿತನವೆಂದು ಓದಿಕೊಂಡು ಅದನ್ನು ಬೆಂಚಿನ ಮೇಲೆ ನಿಲ್ಲಿಸುವುದು ಅನ್ಯಾಯವಲ್ಲದೆ ಮತ್ತೇನು?

ಉಳ್ಳವರ ಮನೆಯಲ್ಲಿ ಇನ್ನೊಂದು ಬಗೆಯ ಹಾನಿಯಿದೆ. 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಥರ್ಮಕೋಲಿನ ಮನೆ, ಚಾರ್ಟ್ ಪೇಪರಿನ ಸೌರಮಂಡಲ ಮಾಡಬೇಕು. ರಾತ್ರಿ ಹನ್ನೊಂದರವರೆಗೆ ಕುಳಿತು ಅಂಟಿಸುವವರು ತಂದೆತಾಯಿ. ಮಗು ಅಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಮರುದಿನ ಮಗು ಅದನ್ನು ತನ್ನದೆಂದು ಒಪ್ಪಿಸುತ್ತದೆ. ಅದು ಮಗು ಮಾಡಿದ್ದಲ್ಲವೆಂದು ಟೀಚರಿಗೆ ಗೊತ್ತು, ಮನೆಯವರಿಗೆ ಗೊತ್ತು, ಮಗುವಿಗೂ ಗೊತ್ತು. ಆದರೂ 'ವೆರಿ ಗುಡ್' ಬೀಳುತ್ತದೆ. ಸುಳ್ಳು ಹೇಳಬೇಡ ಎಂದು ನಾವು ಮಕ್ಕಳಿಗೆ ದಿನಾ ಬುದ್ಧಿ ಹೇಳುತ್ತೇವೆ. ಸುಳ್ಳನ್ನು ಅಂದವಾಗಿ ಕತ್ತರಿಸಿ ಅಂಟಿಸಿ ಅದರ ಕೈಗೆ ಕೊಡುವವರೂ ನಾವೇ.

ಹಾಗೆಂದು ತಪ್ಪನ್ನೆಲ್ಲ ಶಿಕ್ಷಕರ ತಲೆಗೆ ಕಟ್ಟುವುದು ಸರಿಯಲ್ಲ. ಚುನಾವಣೆ, ಜನಗಣತಿ, ಸಮೀಕ್ಷೆ ಎಲ್ಲದಕ್ಕೂ ಶಿಕ್ಷಕರೇ ಬೇಕು. ಪಾಠ ಮುಗಿಯದಿದ್ದರೆ ಉಳಿದದ್ದು ಮನೆಗೆ ಹೋಗುತ್ತದೆ. ಎಷ್ಟೋ ಶಿಕ್ಷಕಿಯರು ತಾವಾಗಿ ಹೆಚ್ಚು ಬರೆಸಲು ಬಯಸುವುದಿಲ್ಲ. 'ಏನೂ ಬರೆಯಲು ಕೊಡುವುದಿಲ್ಲ, ಅದೆಂಥ ಶಾಲೆ' ಎಂದು ದೂರುವವರು ಹೆತ್ತವರು. ನೋಟ್‌ಬುಕ್ ತುಂಬಿದರೆ ಕೊಟ್ಟ ಫೀಸು ವಸೂಲಾಯಿತೆಂಬ ಸಮಾಧಾನ. ಅಭ್ಯಾಸವಿಲ್ಲದೆ ಅಕ್ಷರ ಕೈಗೆ ಹತ್ತುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಶಾಲೆಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಲು ಕೆಲವು ಮನೆಗಳಿಗೆ ಆ ಡೈರಿ ಬಿಟ್ಟರೆ ಬೇರೆ ಕಿಟಕಿಯೂ ಇಲ್ಲ.

ಈ ಚರ್ಚೆ ಹೊಸತಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡಾಗ 1989ರ ತಮ್ಮ ಭಾಷಣದಲ್ಲಿ ಎತ್ತಿಕೊಂಡದ್ದು ಶಾಲಾಚೀಲದ ಭಾರವನ್ನು. 1993ರಲ್ಲಿ ಪ್ರೊ. ಯಶಪಾಲ್ ಸಮಿತಿ 'ಹೊರೆಯಿಲ್ಲದ ಕಲಿಕೆ'ಯ ಕುರಿತು ವರದಿ ಕೊಟ್ಟಿತು. ಮನೆಯ ಪರಿಸರವನ್ನು ಅರಿಯುವ ಚಟುವಟಿಕೆ ಬಿಟ್ಟರೆ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡವೆಂದು ಅದು ಹೇಳಿತ್ತು. 1995ರಲ್ಲಿ ನಮ್ಮದೇ ರಾಜ್ಯದ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ', ಮಗು ತನ್ನ ವೇಗದಲ್ಲಿ ತರಗತಿಯೊಳಗೇ ಕಲಿಯಬಹುದೆಂದು ತೋರಿಸಿತು. 2018ರಲ್ಲಿ ಮದರಾಸು ಹೈಕೋರ್ಟು ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೂಡದೆಂದು ಆದೇಶಿಸಿತು. ಅದೇ ವರ್ಷ ಕೇಂದ್ರ ಸರಕಾರವೂ ಅದನ್ನೇ ಹೇಳಿತು. 2020ರ ಶಾಲಾಚೀಲ ನೀತಿಯ ಪ್ರಕಾರ ಮೂರರಿಂದ ಐದನೇ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಲಿಖಿತ ಹೋಂವರ್ಕನ್ನು 1956ರಲ್ಲೇ ನಿಷೇಧಿಸಲಾಗಿತ್ತು, ಆದರೂ ಅದು ನಿಂತಿಲ್ಲ. ಕಾರಣ ಸ್ಪಷ್ಟ. ಮಗು ಹಿಂದೆ ಬಿದ್ದೀತೆಂಬ ಭಯ ಮನೆಯಲ್ಲಿರುವವರೆಗೆ ಸುತ್ತೋಲೆಗೆ ಬೆಲೆಯಿರುವುದಿಲ್ಲ.

ಕೊರೋನಾ ಕಾಲವನ್ನು ನಾವು ಬೇಗ ಮರೆತೆವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕಲಿಕೆಯೆಲ್ಲವೂ ಮನೆಗೆಲಸವಾಯಿತು. ಮೊಬೈಲ್ ಇದ್ದ ಮಗು ಕಲಿಯಿತು, ಇಲ್ಲದ ಮಗು ಕೆಲಸಕ್ಕೆ ಹೋಯಿತು. ಮನೆಗಳು ಸಮಾನವಲ್ಲ ಎಂಬುದು ಆಗ ಎಲ್ಲರಿಗೂ ಕಂಡಿತು. ಆ ವರ್ಷ ಸರಕಾರ 'ವಿದ್ಯಾಗಮ' ಯೋಜನೆಯಲ್ಲಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಸೋಂಕಿನ ಆತಂಕದಿಂದ ಅದು ಅಕ್ಟೋಬರಿನಲ್ಲಿ ನಿಂತಿತು ನಿಜ. ಆದರೆ ಮನೆಯಲ್ಲಿ ಕಲಿಸುವವರಿಲ್ಲದಿದ್ದರೆ ಕಲಿಸುವವರೇ ಅಲ್ಲಿಗೆ ಹೋಗಬೇಕೆಂಬ ವಿವೇಕ ಅದರಲ್ಲಿತ್ತು.

ನಮ್ಮ ಸಮುದಾಯವೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕಾಗಿದೆ. ನಸುಕಿನಲ್ಲಿ ಎದ್ದು ಮದ್ರಸಕ್ಕೆ ಹೋಗುವ ಮಗು ಅಲ್ಲಿಂದ ಶಾಲೆಗೆ, ಶಾಲೆಯಿಂದ ಟ್ಯೂಶನಿಗೆ, ಆಮೇಲೆ ಎರಡೂ ಕಡೆಯ ಪಾಠ ಹಿಡಿದು ಕುಳಿತುಕೊಳ್ಳುತ್ತದೆ. ಏಳು ವರ್ಷದ ಮಗುವಿಗೆ ಆಟವಾಡಲು ನಾವು ಉಳಿಸಿದ ಹೊತ್ತೆಷ್ಟು? ಆದರೆ ಮದ್ರಸದ ಹಳೆಯ ಕ್ರಮದಲ್ಲಿ ಒಂದು ಒಳ್ಳೆಯ ಅಂಶವಿದೆ. ಕಲಿತ ಪಾಠವನ್ನು ಮಗು ಉಸ್ತಾದರ ಮುಂದೆಯೇ ಒಪ್ಪಿಸಬೇಕು, ತಪ್ಪಿದರೆ ಅವರೇ ತಿದ್ದಬೇಕು. ಕಲಿಸಿದವರೇ ಕೇಳಿಸಿಕೊಳ್ಳಬೇಕೆಂಬ ಈ ನಿಯಮ ಎಲ್ಲ ಶಾಲೆಗಳಿಗೂ ಸಲ್ಲುತ್ತದೆ.

ಹಾಗಾದರೆ ಪಾಲು ಹೇಗೆ? ಹೊಸದನ್ನು ಕಲಿಸುವುದು, ಕಲಿತದ್ದನ್ನು ತಿದ್ದುವುದು ಶಾಲೆಯ ಹೊಣೆ. ಮನೆಗೆ ಕಳುಹಿಸುವುದಿದ್ದರೆ ಅದು ಯಾರ ನೆರವೂ ಇಲ್ಲದೆ ಮಗು ಮಾಡಬಲ್ಲ ಕೆಲಸವಾಗಿರಲಿ, ಮರುದಿನ ಟೀಚರ್ ಕಣ್ಣಾಡಿಸಬಲ್ಲಷ್ಟೇ ಇರಲಿ. ಮನೆಯ ಹೊಣೆ ಬೇರೆ: ಹೊತ್ತಿಗೆ ಊಟ, ನಿದ್ದೆ, ಇವತ್ತು ಏನಾಯಿತೆಂದು ಕೇಳುವ ಕಿವಿ. ಅದಕ್ಕೆ ಪದವಿ ಬೇಡ, ಇಂಗ್ಲಿಷೂ ಬೇಡ. ತಂದೆಯೂ ಅದನ್ನು ಮಾಡಬಹುದು. ಮಗುವಿನ ಕಲಿಕೆ, ಪ್ರಗತಿಯ ಬಗ್ಗೆ ಹೆತ್ತವರನ್ನು ನಿಯಮಿತವಾಗಿ ಕಂಡು ತಿಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಕರ್ತವ್ಯ. ಆ ಭೇಟಿಯಲ್ಲಿ ಅಂಕದ ಲೆಕ್ಕದ ಜೊತೆಗೆ 'ನಿಮ್ಮ ಮನೆಯಲ್ಲಿ ಮಗುವಿಗೆ ಕುಳಿತು ಬರೆಯಲು ಜಾಗವಿದೆಯೇ' ಎಂದೂ ವಿಚಾರಿಸಬಾರದೇಕೆ? ಸಂಜೆ ಖಾಲಿಯಿರುವ ಮದ್ರಸ ಕಟ್ಟಡಗಳನ್ನು, ಸಮುದಾಯ ಭವನಗಳನ್ನು ಜಾತಿಮತ ನೋಡದೆ ಅಂಥ ಮಕ್ಕಳಿಗೆ ಒಂದು ಗಂಟೆ ತೆರೆದಿಡಬಾರದೇಕೆ?

ಮೊನ್ನೆ ಆ ತಾಯಿ ಮಗಳೊಂದಿಗೆ ಮತ್ತೆ ಸಿಕ್ಕಿದರು. ಬೀಡಿ ಕಟ್ಟುತ್ತಿದ್ದ ಕಾಲದ ಮಾತು ಬಂತು. ಒಂದು ಕಟ್ಟಿಗೆ 25 ಬೀಡಿ. ಸಾವಿರಕ್ಕೆ ಎಷ್ಟು ಕಟ್ಟು ಎಂದು ನಾವು ಕೇಳಿ ಮುಗಿಸುವ ಮೊದಲೇ 'ನಲವತ್ತು' ಎಂದರು. ಆರುನೂರಕ್ಕೆ? 'ಇಪ್ಪತ್ತನಾಲ್ಕು.' ಬೆರಳು ಮಡಿಸಿ ಎಣಿಸುತ್ತಿದ್ದ ಮಗು ಬೆರಗಾಗಿ ಉಮ್ಮನ ಮುಖ ನೋಡಿತು. 'ಉಮ್ಮನಿಂದ ಇಪ್ಪತ್ತೈದರ ಲೆಕ್ಕ ಕೇಳಿಕೊಂಡು ಬಾ' ಎಂದು ಒಂದು ದಿನ ಡೈರಿಯಲ್ಲಿ ಬರೆದಿದ್ದರೆ, ಆ ಮನೆಗೆಲಸ ಯಾರನ್ನೂ ತಲೆ ತಗ್ಗಿಸುವಂತೆ ಮಾಡುತ್ತಿರಲಿಲ್ಲ.