ಬಿಗಿ ಮತ್ತು ತುಕ್ಕು

ಹಳೆಯ ಕಾರಿನ ಚಕ್ರ ಬಿಚ್ಚುವುದರಲ್ಲಿ ನೀತಿಯ ಪ್ರಶ್ನೆ ಏನು ಬಂತು ಎಂದು ನೀವು ಕೇಳಬಹುದು. ನಾನು ಮೆಕ್ಯಾನಿಕ್ ಅಲ್ಲ. ಎಂ.ಕಾಂ. ಓದಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಮುಂಬೈಯಲ್ಲಿ ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವವರಿದ್ದಾರೆ. ನಾನಿರುವ ಮಾಟುಂಗಾಕ್ಕೆ ತಾಗಿಕೊಂಡೇ ದಾದರ್ ಪಾರ್ಸಿ ಕಾಲನಿ. ಅಲ್ಲಿಯ ಹಿರಿಯರೊಬ್ಬರು ಮೊದಲು ನಮ್ಮ ಶಾಖೆಯ ಗ್ರಾಹಕರು, ಆಮೇಲೆ ಸ್ನೇಹಿತರು. ಅವರ ಹತ್ತಿರ ಒಂದು ಎಂ.ಜಿ. ಟಿ.ಸಿ. ಇದೆ. ಇಂಗ್ಲೆಂಡಿನಲ್ಲಿ 1945ರಿಂದ 1949ರವರೆಗೆ ತಯಾರಾದ ಎರಡು ಸೀಟಿನ ಗಾಡಿ. ವರ್ಷಕ್ಕೊಮ್ಮೆ ಅದರ ನಾಲ್ಕೂ ಚಕ್ರ ಬಿಚ್ಚಿ ಹಾಕುವಾಗ ಗ್ರೀಸ್ ಡಬ್ಬಿ ಹಿಡಿದು ನಿಲ್ಲುವ ಕೆಲಸ ನನ್ನದು.

ಈಗಿನ ಕಾರಿನ ಚಕ್ರಕ್ಕೆ ನಾಲ್ಕೈದು ಬೋಲ್ಟ್ ಇರುತ್ತವೆ. ಇದಕ್ಕೆ ನಡುವೆ ಒಂದೇ ಒಂದು ದೊಡ್ಡ ನಟ್. ಅದಕ್ಕೆ ಎರಡು ಕಿವಿ. ಸ್ಪಿನ್ನರ್ ಅನ್ನುತ್ತಾರೆ. ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳಿರುವ ಚಕ್ರ, ಒಳಗಿನ ಹಬ್ಬಿನ ಉದ್ದುದ್ದ ಹಲ್ಲುಗಳ ಮೇಲೆ ಜಾರಿ ಕೂರುತ್ತದೆ. ಎಳೆಯುವುದು, ತಡೆಯುವುದು ಎಲ್ಲ ಆ ಹಲ್ಲುಗಳ ಕೆಲಸ. ಚಕ್ರ ಹೊರಗೆ ಜಾರದಂತೆ ಅದುಮಿ ಹಿಡಿಯುವುದು ಸ್ಪಿನ್ನರಿನ ಕೆಲಸ. ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಸ್ವಲ್ಪ ಎತ್ತಿ, ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಬಿಚ್ಚಿಕೊಳ್ಳುತ್ತದೆ.

ಓಡುವ ಗಾಡಿಯಲ್ಲಿ ಈ ನಟ್ ತಾನಾಗಿ ಸಡಿಲವಾಗುವುದಿಲ್ಲ. ಭಾರ ಹೊತ್ತು ಚಕ್ರ ಉರುಳುವಾಗ ನಟ್ ಕೂದಲೆಳೆಯಷ್ಟು ಕದಲುತ್ತದೆ. ಆ ಕದಲಿಕೆ ಅದನ್ನು ಬಿಗಿಯುವ ಕಡೆಗೇ ತಳ್ಳುವಂತೆ ಎಡಗಡೆ, ಬಲಗಡೆ ಬೇರೆ ಬೇರೆ ಥ್ರೆಡ್ ಕೊರೆದಿರುತ್ತಾರೆ. ಅಂದರೆ ಓಡಿದಷ್ಟೂ ಬಿಗಿ. ಹಾಗಿದ್ದ ಮೇಲೆ ಬಿಚ್ಚುವುದೇಕೆ? ನಾನೂ ಕೇಳಿದ್ದೆ. "ಬಿಚ್ಚದೆ ಬಿಟ್ರೆ ಹಲ್ಲಿಗೆ ತುಕ್ಕು ಹಿಡಿಯುತ್ತೆ. ಚಕ್ರ ಹಬ್ಬಿಗೇ ಕಚ್ಚಿಕೊಳ್ಳುತ್ತೆ. ಆಮೇಲೆ ಸ್ಪಿನ್ನರ್ ಬಂದ್ರೂ ಚಕ್ರ ಬರೋದಿಲ್ಲ" ಅಂದರು.

ನೀತಿಯ ಪ್ರಶ್ನೆ ಇಲ್ಲೇ ಇದೆ. ಬಿಗಿಯಾಗಿರುವುದು ಬೇರೆ, ಬಿಡಿಸಲಾಗದಂತಿರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಊರು ಬಿಟ್ಟು ಬಂದ ನಮ್ಮಂಥವರು ಊರಿನ ಜೊತೆಗಿನ ಸಂಬಂಧ ಗಟ್ಟಿಯಾಗಿದೆ ಎಂದು ಹೇಳಿಕೊಳ್ಳುತ್ತೇವಲ್ಲ, ಅದು ಬಿಗಿಯೋ, ತುಕ್ಕೋ?

ಸಾಲದ ವಿಭಾಗದಲ್ಲಿದ್ದ ಯಾವ ಬ್ಯಾಂಕ್ ಅಧಿಕಾರಿಗೂ ಈ ಪರಿಸ್ಥಿತಿ ಗೊತ್ತು. ಊರಲ್ಲಿರುವ ತಮ್ಮ ಮನೆ ರಿಪೇರಿಗೆ ಸಾಲ ಕೇಳಿ ಬರುತ್ತಾನೆ. ಖಾತೆ ಜಂಟಿ. ಅಣ್ಣ ದಿಲ್ಲಿಯಲ್ಲಿ, ಅಕ್ಕ ಪುಣೆಯಲ್ಲಿ. ಎಲ್ಲರ ಸಹಿ ಇಲ್ಲದೆ ಮನೆಯನ್ನು ಅಡಮಾನವಾಗಿ ತೆಗೆದುಕೊಳ್ಳಲು ಬರುವುದಿಲ್ಲ. ಅಣ್ಣನಿಗೆ ಮನೆ ಬೇಡ, ಆದರೆ ಸಹಿಯನ್ನೂ ಹಾಕಲೊಲ್ಲ. "ಇರಲಿ ಬಿಡು, ಅದು ಅಪ್ಪನ ಮನೆ, ಹಾಗೇ ಇರಲಿ" ಅನ್ನುತ್ತಾನೆ. ಆದರೆ ಮಲೆನಾಡಿನ ಮಳೆಯಲ್ಲಿ ಯಾವ ಮನೆಯೂ ಹಾಗೇ ಇರುವುದಿಲ್ಲ. ವರ್ಷಾ ವರ್ಷಾ ಹೆಂಚು ಕೈಯಾಡಿಸಬೇಕು, ಪಕಾಸಿ ಬದಲಿಸಬೇಕು. ಅಣ್ಣನ ಪಾಲಿಗೆ ನೆನಪಾದ ಮನೆ ತಮ್ಮನ ತಲೆಯ ಮೇಲೆ ಸೋರುತ್ತದೆ. ಅಣ್ಣ ಇದನ್ನು ಪ್ರೀತಿ ಅನ್ನುತ್ತಾನೆ. ಪ್ರೀತಿ ಇದ್ದೀತು, ಆದರೆ ಹಿಡಿದಿರುವುದು ತುಕ್ಕು.

ಹಾಗಂತ ಹೊರಗಿದ್ದವರೆಲ್ಲ ಹಕ್ಕು ಬಿಟ್ಟುಕೊಡಬೇಕು ಎಂದು ನಾನು ಹೇಳುತ್ತಿಲ್ಲ. ಇದೇ ಮುಂಬೈಯಲ್ಲಿ ಹೋಟೆಲಿನಲ್ಲಿ ದುಡಿದು, ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿ ಮಲಗಿ, ಕೊನೆಗೆ ಊರಿನ ಆ ಎರಡಂಕಣದ ಪಾಲನ್ನೇ ನಂಬಿಕೊಂಡ ಕನ್ನಡಿಗರಿದ್ದಾರೆ. ಅವರಿಗೆ ಅದು ನೆನಪಲ್ಲ, ಮುಪ್ಪಿನ ನೆರಳು. ಫ್ಲ್ಯಾಟೂ ಪೆನ್ಶನ್ನೂ ಇರುವ ನನಗೆ ಹೇಳಿದ ನ್ಯಾಯವನ್ನು ಅವರಿಗೆ ಹೇಳಿದರೆ ಅದು ಅನ್ಯಾಯ.

ಒಂದೇ ನ್ಯಾಯ ಎಲ್ಲರಿಗೂ ಬೇಡವೇ ಅಂದರೆ, ಬೇಕು. ಆದರೆ ಅದನ್ನು ಯಾವ ಅಳತೆಯಿಂದ ಅಳೆಯುತ್ತೀರಿ? ಕಾರನ್ನೇ ನೋಡಿ. ಎಡಬದಿಯ ಚಕ್ರದೆದುರು ಕೂತವನಿಗೆ ಬಿಚ್ಚುವುದೆಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸುವುದು. ಬಲಬದಿಯಲ್ಲಿ ಕೂತವನಿಗೆ ಮುಳ್ಳಿನ ದಿಕ್ಕಿಗೇ ತಿರುಗಿಸುವುದು. ಇಬ್ಬರೂ ಗಡಿಯಾರ ಹಿಡಿದು ವಾದಕ್ಕೆ ಕೂತರೆ ಬೆಳಗಾದರೂ ಮುಗಿಯದು. ಕಾರಿನ ಲೆಕ್ಕದಲ್ಲಿ ನೋಡಿದರೆ ಎರಡೂ ಕಡೆ ನಿಯಮ ಒಂದೇ: ಮೇಲಿನ ಕಿವಿಯನ್ನು ಗಾಡಿಯ ಮೂತಿಯ ಕಡೆಗೆ ಹೊಡೆದರೆ ಬಿಚ್ಚುತ್ತದೆ, ಹಿಂದಕ್ಕೆ ಹೊಡೆದರೆ ಬಿಗಿಯುತ್ತದೆ.

ಅಣ್ಣತಮ್ಮಂದಿರ ಜಗಳವೂ ಇಂಥದೇ. ಊರಲ್ಲಿರುವವನು "ನಿಂಗೇನಪ್ಪ, ತಿಂಗಳಾದ್ರೆ ಸಂಬಳ" ಅನ್ನುತ್ತಾನೆ. ಹೊರಗಿರುವವನು "ನಿಂಗೇನಪ್ಪ, ಬಾಡಿಗೆ ಇಲ್ಲದ ಮನೆ, ತೋಟದ ಅಡಿಕೆ" ಅನ್ನುತ್ತಾನೆ. ಇಬ್ಬರ ಗಡಿಯಾರವೂ ಸರಿಯಾಗಿಯೇ ಇದೆ, ಕೂತ ಜಾಗ ಬೇರೆ ಅಷ್ಟೆ. ಕೇಳಬೇಕಾದ ಪ್ರಶ್ನೆ, ಈ ಮನೆ ಯಾವ ಕಡೆಗೆ ಹೋಗುತ್ತಿದೆ? ಇನ್ನು ಇಪ್ಪತ್ತು ವರ್ಷ ಇದರಡಿ ಮಲಗುವವರು ಯಾರು? ಉತ್ತರ ಅಲ್ಲಿಂದ ಹುಡುಕಿದರೆ ಇಬ್ಬರಿಗೂ ಒಂದೇ ನ್ಯಾಯ ಸಿಗುತ್ತದೆ.

ಇನ್ನು ಸುತ್ತಿಗೆಯ ಮಾತು. ಸ್ಪಿನ್ನರಿಗೆ ಕಬ್ಬಿಣದ ಸುತ್ತಿಗೆ ಕೂಡದು. ತಾಮ್ರದ್ದೋ, ಸೀಸದ್ದೋ, ಚರ್ಮದ ಮುಖದ್ದೋ ಆಗಬೇಕು. ಪೆಟ್ಟಿನ ಗಾಯ ಸುತ್ತಿಗೆಗೆ ಆಗಬೇಕೇ ಹೊರತು ಕಿವಿಗಲ್ಲ. ಪೆಟ್ಟೇ ಬೇಡವೆಂದರೆ ಬಿಚ್ಚುವುದಿಲ್ಲ. ಆಸ್ತಿಯ ಮಾತನ್ನು ಎತ್ತುವುದೂ ಒಂದು ಪೆಟ್ಟೇ. ಎತ್ತುವವನು ತಾನು ಸ್ವಲ್ಪ ನಗ್ಗಲು ತಯಾರಿರಬೇಕು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಹೆಸರಲ್ಲಿ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತು. 2005ರ ಕೇಂದ್ರ ತಿದ್ದುಪಡಿ ಅವರಿಗೆ ಸಮಪಾಲು ಕೊಟ್ಟ ಮೇಲೂ ಅದು ಪೂರ್ತಿ ನಿಂತಿಲ್ಲ. ಅದಂತೂ ಕಬ್ಬಿಣದ ಸುತ್ತಿಗೆ, ಮೇಲೆ ರೇಷ್ಮೆ ಸುತ್ತಿದೆ ಅಷ್ಟೆ.

ಸಾಗರದ ಹತ್ತಿರದ ನಮ್ಮ ಮನೆಯ ವಿಷಯದಲ್ಲಿ ಹೊರಗಿನವರಿಂದ ಬೆಲೆ ಕಟ್ಟಿಸಿದೆವು. ತಂಗಿಯ ಪಾಲಿನ ಹಣ ಮೊದಲು ಅವಳ ಖಾತೆಗೆ ಹೋಯಿತು, ಆಮೇಲೆ ಅವಳ ಸಹಿ. ನನ್ನ ಪಾಲನ್ನು ತಮ್ಮನಿಗೆ ಹಾಗೇ ಬಿಟ್ಟೆ. ಅಮ್ಮನನ್ನು ಕೊನೆಯ ಹನ್ನೊಂದು ವರ್ಷ ನೋಡಿಕೊಂಡವರು ಅವನೂ ಅವನ ಹೆಂಡತಿಯೂ. ಅದಕ್ಕೆ ಬೆಲೆ ಕಟ್ಟುವವರು ಯಾವ ಬ್ಯಾಂಕಿನ ಪಟ್ಟಿಯಲ್ಲೂ ಇಲ್ಲ. ಹಕ್ಕು ಖುಲಾಸೆ ಪತ್ರ ನೋಂದಣಿಯಾದ ದಿನ ತಮ್ಮ, "ಅಣ್ಣಯ್ಯ, ನಿಂಗೆ ಬೇಜಾರಾಗಿಲ್ಲ ಅಲ್ದಾ?" ಅಂದ. ಆಗಿತ್ತು. ಅವನಿಗೂ ಹಾಗೇ ಹೇಳಿದೆ.

ಹೋಲಿಕೆಗೆ ಒಂದು ಮಿತಿ ಇದೆ. ಬಿಚ್ಚಿದ ಚಕ್ರವನ್ನು ಸಂಜೆಯೊಳಗೆ ಗ್ರೀಸ್ ಸವರಿ ಮತ್ತೆ ಹಾಕಬಹುದು. ಬಿಟ್ಟುಕೊಟ್ಟ ಪಾಲು ವಾಪಸ್ ಬರುವುದಿಲ್ಲ. ಹಾಗಾದರೆ ಮತ್ತೆ ಕೂರಿಸುವುದೇನನ್ನು? ಹಕ್ಕಿನಿಂದ ಹೋಗುತ್ತಿದ್ದ ಮನೆಗೆ ಈಗ ನಾನು ಕೇಳಿ ಹೋಗುತ್ತೇನೆ. ರೈಲಿಗೆ ಟಿಕೆಟ್ ಮಾಡಿಸುವ ಮೊದಲು ತಮ್ಮನ ಹೆಂಡತಿಗೆ ಫೋನ್ ಮಾಡಿ "ಬರಬಹುದಾ?" ಅನ್ನುತ್ತೇನೆ. "ಇದೆಂಥ ಕೇಳೋದು ಭಾವ, ಬನ್ನಿ" ಅಂತ ಅವಳು ಪ್ರತಿ ಸಲವೂ ಗದರಿಸುತ್ತಾಳೆ. ಪಾಲು ಇದ್ದಾಗ ಅವಳು ನನ್ನನ್ನು 'ಬನ್ನಿ' ಎಂದು ಕರೆಯುವ ಸಂದರ್ಭವೇ ಬಂದಿರಲಿಲ್ಲ.