ಒಡನಾಟದ ಗುರುತು

ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಪೇತ್ರ ಮತ್ತು ಯೋಹಾನ ಯೆರೂಸಲೇಮಿನ ಹಿರೀಸಭೆಯ ಮುಂದೆ ವಿಚಾರಣೆಗೆ ನಿಲ್ಲುತ್ತಾರೆ. ಇಬ್ಬರೂ ಗಲಿಲಾಯದ ಮೀನುಗಾರರು, ಶಾಸ್ತ್ರ ಓದಿದವರಲ್ಲ. ಅವರ ಎದೆಗಾರಿಕೆ ಕಂಡ ಸಭೆಯವರು ಬೆರಗಾಗುತ್ತಾರೆ. ಇವರು ಯೇಸುವಿನ ಜೊತೆಗಿದ್ದವರು ಎಂಬ ಗುರುತು ಹತ್ತುತ್ತದೆ. ಗುರುತು ಹಿಡಿದವರು ಶಿಷ್ಯರಲ್ಲ, ಯೇಸುವನ್ನು ಒಪ್ಪದವರು. ಕ್ರೈಸ್ತನೊಬ್ಬನ ಬಾಳು ನಿಜವಾಗಿ ಬದಲಾಗಿದೆಯೇ ಎಂದು ಹೇಳುವ ಅಧಿಕಾರ ಬದಲಾದವನಿಗಿಂತ ಅವನ ನೆರೆಯವರಿಗೇ ಹೆಚ್ಚು ಎಂಬುದು ಈ ಪ್ರಸಂಗದಿಂದ ತಿಳಿಯುತ್ತದೆ.

ವಿಮೋಚನಕಾಂಡದ ಮೋಶೆಯ ಕಥೆಯೂ ಇದನ್ನೇ ಹೇಳುತ್ತದೆ. ದೇವರೊಡನೆ ಮಾತಾಡಿ ಸೀನಾಯಿ ಬೆಟ್ಟದಿಂದ ಇಳಿದಾಗ ಅವನ ಮುಖ ಹೊಳೆಯುತ್ತಿತ್ತು. ಅದು ಜನರಿಗೆ ಕಂಡಿತು, ಅವನಿಗೆ ತಿಳಿದಿರಲಿಲ್ಲ. ಪ್ರಾರ್ಥನೆ, ಸತ್ಯವೇದದ ಓದು, ಕರ್ತನ ಭೋಜನ ಇವು ಇಂದಿನ ಕ್ರೈಸ್ತನಿಗೆ ಯೇಸುವಿನೊಡನೆ ಕಾಲ ಕಳೆಯುವ ದಾರಿಗಳು. ಅಲ್ಲಿ ತನ್ನ ಹೊಳಪನ್ನು ತಾನೇ ಅಳೆಯುತ್ತ ಕೂತವನು ಯೇಸುವನ್ನು ಬಿಟ್ಟು ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ.

ಬಾಗಲಕೋಟೆ ಸೀಮೆಯಲ್ಲಿ ನೆರೆಯವರ ಈ ಕಣ್ಣು ಬಲು ನಿಷ್ಠುರ. ಹುನಗುಂದದ ಕಡೆಯ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುತ್ತವೆ. ಆ ಊರಿನ ದೈವವನ್ನೇ ಅಂಕಿತವಾಗಿಸಿಕೊಂಡ ಬಸವಣ್ಣನವರೂ ಹನ್ನೆರಡನೆಯ ಶತಮಾನದ ಇತರ ಶರಣರೂ ನುಡಿದಂತೆ ನಡೆಯದವನ ಭಕ್ತಿಯನ್ನು ಭಕ್ತಿಯೆಂದು ಎಣಿಸಲೇ ಇಲ್ಲ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ 1851ರಲ್ಲಿ ಬಾದಾಮಿಯ ಹತ್ತಿರದ ನೇಕಾರರ ಊರು ಗುಳೇದಗುಡ್ಡದಲ್ಲಿ ನೆಲೆಯೂರಿದಾಗ, ಕೇಳುಗರು ಈ ಒರೆಗಲ್ಲನ್ನು ಮೊದಲೇ ಕೈಯಲ್ಲಿ ಹಿಡಿದಿದ್ದರು. ಇಂಥ ಕಡೆ ಉಪದೇಶ ಎಷ್ಟು ಸೊಗಸಾಗಿದ್ದರೇನು, ನಡತೆ ಅದಕ್ಕೆ ಜೊತೆಯಾಗದಿದ್ದರೆ ಅದು ನಿಲ್ಲುವುದಿಲ್ಲ.

ನಡತೆ ಮೊದಲು ಕಾಣುವುದು ದುಡ್ಡಿನ ವ್ಯವಹಾರದಲ್ಲಿ. ಲೂಕನ ಸುವಾರ್ತೆಯ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಅತಿಥಿಯಾಗಿ ಬಂದದ್ದೇ ತಡ, ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನು ಸಾರಿದ. ಇಳಕಲ್ಲಿನ ಮಗ್ಗಕ್ಕೆ ಇದನ್ನು ಹಚ್ಚಿ ನೋಡಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೆಂಪು ಸೆರಗು ಅಸಲು ರೇಷ್ಮೆಯದೋ ಕೃತಕ ನೂಲಿನದೋ ಎಂಬುದು ಕೊಳ್ಳುವವಳ ಕಣ್ಣಿಗೆ ಸುಲಭಕ್ಕೆ ಸಿಗದು. ಒಂದು ಎಳೆ ಕಿತ್ತು ಸುಟ್ಟರೆ ಮಾತ್ರ ಗೊತ್ತಾದೀತು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಂಗಡಿಯಲ್ಲಿ ಯಾರೂ ಎಳೆ ಸುಟ್ಟು ನೋಡುವುದಿಲ್ಲ. ಹಾಗಿದ್ದೂ ಕೃತಕ ನೂಲನ್ನು ಕೃತಕವೆಂದೇ ಹೇಳಿ ಮಾರುವವನ ಮಾತು ವರ್ಷಗಳು ಉರುಳಿದಂತೆ ಪೇಟೆಯಲ್ಲಿ ನಂಬಿಕೆ ಗಳಿಸುತ್ತದೆ. ಮರೆಯಲ್ಲಿ ಉಳಿಸಿಕೊಂಡ ಪ್ರಾಮಾಣಿಕತೆ ಕಣ್ಣಿಗೆ ಕಾಣುವುದು ಹೀಗೆ, ನಿಧಾನವಾಗಿ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಯೇಸುವಿನ ಹೆಸರನ್ನೇ ಕೇಳದ ನೇಕಾರನೂ ಹೀಗೆ ಪ್ರಾಮಾಣಿಕನಾಗಿರಬಲ್ಲ. ಕಾಯಕವನ್ನೇ ಕೈಲಾಸವೆಂದು ನಂಬಿದ ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ. ಹಾಗಾದರೆ ಯೇಸುವಿನ ಒಡನಾಟದಿಂದ ಬಂದದ್ದೇನು? ಒಳ್ಳೆಯತನ ತಮ್ಮ ಸೊತ್ತು ಎಂದು ಕ್ರೈಸ್ತರು ಹೇಳಿದರೆ ಅದು ಸುಳ್ಳಾಗುತ್ತದೆ. ವ್ಯತ್ಯಾಸ ಇರುವುದು ತಪ್ಪಿದಾಗ ಏನು ಮಾಡುತ್ತಾರೆ ಎಂಬುದರಲ್ಲಿ. ಜಕ್ಕಾಯ ಒಳ್ಳೆಯವನಾದ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಬಂದ ಮೇಲೆ ಅವನು ಬದಲಾದ. ತಾನು ಅರ್ಹನಲ್ಲದಾಗಲೇ ತನ್ನನ್ನು ಒಪ್ಪಿಕೊಂಡರು ಎಂದು ಬಲ್ಲವನಿಗೆ ತಪ್ಪು ಒಪ್ಪಿಕೊಳ್ಳಲು ಹೆದರಿಕೆ ಕಡಿಮೆ, ಇನ್ನೊಬ್ಬನ ತಪ್ಪನ್ನು ಕ್ಷಮಿಸುವುದೂ ಅಷ್ಟು ಕಷ್ಟವಲ್ಲ. ಕ್ರೈಸ್ತನಲ್ಲಿ ನೆರೆಯವರು ಹುಡುಕಬೇಕಾದ ಗುರುತು ಇದು.

ಆ ಗುರುತು ಒಮ್ಮೆಲೇ ಮೂಡುವುದಿಲ್ಲ, ಮೂಡಿದ್ದು ಮಾಸುವುದೂ ಉಂಟು. ಯೇಸುವಿನ ಜೊತೆ ತಿರುಗಾಡಿದ ಪೇತ್ರನೇ ಮುಂದೆ ಅಂತಿಯೋಕ್ಯದಲ್ಲಿ, ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಉಣ್ಣುತ್ತಿದ್ದವನು, ಜನರಿಗೆ ಅಂಜಿ ಪಂಕ್ತಿ ಬಿಟ್ಟೆದ್ದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ದಾಖಲಿಸಿದ್ದಾನೆ. ಈ ಪ್ರಸಂಗ ಕರ್ನಾಟಕದ ಸಭೆಗಳಿಗೆ ಬಹಳ ಹತ್ತಿರದ್ದು. ಬಾಸೆಲ್ ಮಿಷನ್ ಜಾತಿಭೇದವನ್ನು ಸಭೆಯೊಳಗೆ ಬಿಟ್ಟುಕೊಳ್ಳದ ಕಟ್ಟುನಿಟ್ಟಿಗೆ ಹೆಸರಾಗಿತ್ತು. ದೀಕ್ಷಾಸ್ನಾನ ಪಡೆದವರು ಬೇರೆ ಬೇರೆ ಕೇರಿಗಳಿಂದ ಬಂದಿದ್ದರೂ ಒಂದೇ ಪಂಕ್ತಿಯಲ್ಲಿ ಕೂರಬೇಕಿತ್ತು. ಆದರೂ ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಮಗಳ ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ವಿಚಾರಿಸುವುದು ಇಂದಿಗೂ ನಿಂತಿಲ್ಲ. ಹೊರಗಿನ ನೆರೆಯವರು ಇದನ್ನೂ ನೋಡುತ್ತಾರೆ, ನೋಡಬೇಕು ಕೂಡ. ಆದರೆ ಅವರು ಆಡಿ ತೋರಿಸುವ ತನಕ ಸಭೆ ಕಾಯಬೇಕಾಗಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆ ಮುಖಾಮುಖಿ ತಡೆದು ಕೇಳಿದವನು ಸಭೆಯೊಳಗಿನ ಸೋದರ ಪೌಲನೇ.